ನಶೆಯಿಲ್ಲದ ಚಟ

2023ರ ಫೆಬ್ರವರಿ. ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನದ ಸಿದ್ಧತೆ ನಡೆದಿತ್ತು. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬಂದು ವಿಮಾನಗಳಿಗೆ ಅಡ್ಡವಾಗಬಾರದೆಂದು ವಾಯುನೆಲೆಯ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ ಮಾಂಸ ಮಾರಾಟ ನಿಷೇಧವಾಗಿತ್ತು. ಬಳ್ಳಾರಿ ರಸ್ತೆಯಲ್ಲಿರುವ ನಮ್ಮ ಹುಣಸಮಾರನಹಳ್ಳಿ ಆ ವ್ಯಾಪ್ತಿಯ ಒಳಗೇ ಬರುತ್ತದೆ. ನಮ್ಮ ಪರಿಚಯದ ಕೋಳಿ ಅಂಗಡಿಯವರೂ ಷಟರ್ ಎಳೆದು ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಒಂದು ಸಂಜೆ ನಾವೂ ಅವರ ಜೊತೆ ಚಹಾ ಕುಡಿಯುತ್ತ ಕೂತಿದ್ದೆವು. ಅಷ್ಟರಲ್ಲಿ ಒಂದು ಬೈಕು ಬಂದು ನಿಂತಿತು.

"ಚಾಚಾ, ಹಿಂದಿನ ಬಾಗಿಲಿನಿಂದಾದರೂ ಒಂದು ಕೆ.ಜಿ. ಬ್ರೆಸ್ಟ್ ಪೀಸ್ ಸಿಗುತ್ತಾ?"

"ನಕೋ ಬೇಟಾ, ದಂಡ ಹಾಕ್ತಾರೆ" ಎಂದರು ಅಂಗಡಿಯವರು.

ಹುಡುಗನ ಮುಖದಲ್ಲಿ ಒಂದು ಬಗೆಯ ಗಾಬರಿ ಕಂಡಿತು. ಹಸಿದವನ ಗಾಬರಿಯಲ್ಲ ಅದು. ಅವನು ಹೋದ ಮೇಲೆ ಅಂಗಡಿಯವರು ನಕ್ಕರು. "ಮೊದಲೆಲ್ಲ ಕೋಳಿಯ ಕಾಲಿಗೆ ಗಿರಾಕಿಗಳು ಜಗಳ ಆಡ್ತಿದ್ದರು ಭಾಯ್‌ಸಾಬ್. ಜಿಮ್ಮುಗಳು ಬಂದ ಮೇಲೆ ಎದೆಯ ಭಾಗವೇ ಮೊದಲು ಖಾಲಿ" ಎಂದರು. ಆ ಮೂರು ವಾರವೂ ಹುಡುಗ ಬೆಳಗಿನ ಜಾವ ಎದ್ದು ಬೈಕಿನಲ್ಲಿ ಶಿವಾಜಿನಗರದವರೆಗೆ ಹೋಗಿ ಕೋಳಿ ತಂದು, ಬೇಯಿಸಿಕೊಂಡು ತಿಂದು, ಆಮೇಲೆ ಕೆಲಸಕ್ಕೆ ಹೋದನಂತೆ. ಈ ಸುದ್ದಿ ಕೇಳಿ ನಾವು "ಎಂಥ ಶಿಸ್ತು ನೋಡಿ!" ಎಂದೆವು. ಗಾಬರಿಯನ್ನು ನಾವು ಕಣ್ಣಾರೆ ಕಂಡಿದ್ದೆವು. ಆದರೂ ಅದಕ್ಕೆ ಶಿಸ್ತು ಎಂಬ ಹೆಸರಿಟ್ಟೆವು.

ಹುಡುಗನಿಗೆ ಆಗ 22 ವರ್ಷ. ನಮ್ಮ ಬೀದಿಯವನೇ. ವಿಮಾನ ನಿಲ್ದಾಣದ ಕಡೆ ಪಾಳಿಯ ಮೇಲೆ ಕೆಲಸ. ಬೀಡಿ ಸೇದಿದವನಲ್ಲ, ಗುಟ್ಕಾ ಹಾಕಿದವನಲ್ಲ. ಅದೇ ವರ್ಷ ಒಂದು ಶಾದಿ ಮಹಲಿನಲ್ಲಿ ಅವನು ಬಿಗಿಯಾದ ಶರಟು ಹಾಕಿಕೊಂಡು ಬಿರಿಯಾನಿಯ ಹಂಡೆ ಎತ್ತುತ್ತಿದ್ದಾಗ ನೆಂಟರೆಲ್ಲ ಅವನ ತೋಳು ಮುಟ್ಟಿ ನೋಡಿದರು. ನಾವೂ ಬೆನ್ನು ತಟ್ಟಿ "ಈಗ ನೀನು ಗಂಡಸು ಆದೆ ನೋಡು" ಎಂದೆವು. ಅಷ್ಟಕ್ಕೇ ನಿಲ್ಲಲಿಲ್ಲ. ಮೊಬೈಲಿನಲ್ಲೇ ಮುಳುಗಿರುತ್ತಿದ್ದ ನಮ್ಮ 17 ವರ್ಷದ ಮಗನನ್ನು ಕರೆದು "ಇವನನ್ನು ನೋಡಿ ಕಲಿ" ಎಂದು ಹೇಳಿ, ಅವನ ಜೊತೆಯಲ್ಲೇ ಜಿಮ್ಮಿಗೆ ಕಳಿಸಿದೆವು.

ವರ್ಷ ತುಂಬುವ ಹೊತ್ತಿಗೆ ಹುಡುಗನ ತಾಯಿ ನಮ್ಮ ಮನೆಗೆ ಬಂದರು. ಮಗ ಕೆಲಸ ಬಿಟ್ಟಿದ್ದಾನೆ, ಕೋಣೆಯಿಂದ ಹೊರಗೆ ಬರುವುದಿಲ್ಲ, ಕನ್ನಡಿಗೆ ಬಟ್ಟೆ ಹೊದಿಸಿದ್ದಾನೆ, ರಾತ್ರಿ ಅಳುತ್ತಾನೆ ಎಂದು ಹೇಳಿಕೊಂಡರು. ಮೊದಲು ಕೆಲವು ತಿಂಗಳು ಸಣ್ಣಪುಟ್ಟದ್ದಕ್ಕೆಲ್ಲ ತಂಗಿಯ ಮೇಲೆ ಕೂಗಾಡುತ್ತಿದ್ದನಂತೆ, ಒಮ್ಮೆ ಬಾಗಿಲಿಗೆ ಗುದ್ದಿ ಹಲಗೆ ಒಡೆದಿದ್ದನಂತೆ. ಈಗ ಕೂಗಾಟವೂ ಇಲ್ಲ. "ನನ್ನ ಮಗನಿಗೆ ಒಂದು ಕೆಟ್ಟ ಚಟ ಇರಲಿಲ್ಲ ಭಾಯ್‌ಸಾಬ್. ಯಾರ ನಜರ್ ಬಿತ್ತೋ" ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹುಡುಗನೇ ಆಮೇಲೆ ಎಲ್ಲವನ್ನೂ ಹೇಳಿದ. ಜಿಮ್ಮಿನಲ್ಲಿ ಯಾರೋ ಮೊದಲು ಮಾತ್ರೆ ಕೊಟ್ಟರು, ಆಮೇಲೆ ವಾರಕ್ಕೊಂದು ಇಂಜೆಕ್ಷನ್. ಎರಡು ಮೂರು ತಿಂಗಳು ತೆಗೆದುಕೊಂಡು ಸ್ವಲ್ಪ ಕಾಲ ಬಿಡುವುದು, ಮತ್ತೆ ಹಿಡಿಯುವುದು. ಅದಕ್ಕೆ ಅವರ ಭಾಷೆಯಲ್ಲಿ ಸೈಕಲ್ ಎಂದು ಹೆಸರು. ಬಿಡುವಿನ ಕಾಲ ಬರಬರುತ್ತ ಸಣ್ಣದಾಯಿತು. ಮನೆಯಲ್ಲಿ ಸಿರಿಂಜು ಸಿಕ್ಕಿ ಅಬ್ಬಾ ರಂಪ ಮಾಡಿದಾಗ ಒಂದೇ ಸಲ ನಿಲ್ಲಿಸಿಬಿಟ್ಟ. ಆಮೇಲೆ ನೆಲವೇ ಕುಸಿದ ಹಾಗಾಯಿತು. "ಯಾರೂ ಬಲವಂತ ಮಾಡಲಿಲ್ಲ ಚಾಚಾ. ನಾನೇ ತಗೊಂಡೆ. ಆದರೆ ಬಿಡಕ್ಕೆ ನನ್ನ ಕೈಲಿ ಆಗಲಿಲ್ಲ" ಎಂದ.

ಈ ಎರಡು ವಾಕ್ಯಗಳ ನಡುವೆ ಒಂದು ನೈತಿಕ ಪ್ರಶ್ನೆಯಿದೆ. ತಾನೇ ಆರಿಸಿಕೊಂಡದ್ದು, ತಾನೇ ಬಿಡಲಾರದ್ದು. ಅಮಲೇ ಏರದ ವಸ್ತುವಿಗೆ ಮನುಷ್ಯ ದಾಸನಾಗುವುದು ಹೇಗೆ? ದಾಸನಾದರೆ ಅದರ ಹೊಣೆ ಯಾರದು?

ಚಟದ ವಿಷಯದಲ್ಲಿ ನಮ್ಮ ಎರಡೂ ಭಾಷೆಗಳಲ್ಲಿ ಪದಗಳಿಗೆ ಬಡತನವಿಲ್ಲ. ಉರ್ದುವಿನಲ್ಲಿ ಆದತ್ ಎಂದರೆ ಬರೀ ಅಭ್ಯಾಸ, ಲತ್ ಎಂದರೆ ಬಿಡಿಸಲಾಗದ ಕೆಟ್ಟ ಅಭ್ಯಾಸ, ನಶಾ ಎಂದರೆ ಅಮಲು. ಕನ್ನಡದಲ್ಲಿ ರೂಢಿ, ಚಟ, ಗೀಳು, ವ್ಯಸನ ಎಂದು ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ. ಆದರೂ ಚಟ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವನು ತೂರಾಡುವ ಕುಡುಕ. ಮನೆಯ ಪಾತ್ರೆ ಮಾರುವವನು, ಗಟಾರದ ಪಕ್ಕ ಬಿದ್ದವನು. ನಮ್ಮ ಹಿರಿಯರು, ನಮ್ಮ ಮುಹಲ್ಲಾ, ನಮ್ಮ ಜಮಾಅತ್ ಕಾವಲು ಕಾಯುವುದು ಅವನಿಗಾಗಿ. ಈ ಹುಡುಗ ತೂರಾಡಲಿಲ್ಲ. ಹೊತ್ತಿಗೆ ಸರಿಯಾಗಿ ಎದ್ದ, ಹೊತ್ತಿಗೆ ಸರಿಯಾಗಿ ತಿಂದ, ಮಲಗಿದ. ಮುಳುಗುತ್ತಿರುವಾಗಲೇ ದಿನದಿನಕ್ಕೂ ಚೆಲುವಾಗಿ ಕಂಡ. ಕಾವಲುಗಾರರು ಅವನಿಗೆ ಸಲಾಂ ಹೇಳಿ ಬಾಗಿಲು ತೆರೆದುಕೊಟ್ಟರು.

ನಾವು ಮಾತ್ರ ಮೋಸಹೋದವರಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಸ್ಟೆರಾಯ್ಡ್ ಮತ್ತು ಹಾರ್ಮೋನುಗಳನ್ನು ಬೇಧಿ ಮಾತ್ರೆ, ವಿಟಮಿನ್, ಆ್ಯಂಟಾಸಿಡ್‌ಗಳ ಸಾಲಿನಲ್ಲಿ, ಅವಲಂಬನೆ ಉಂಟುಮಾಡದ ವಸ್ತುಗಳ ದುರ್ಬಳಕೆ ಎಂಬ ತಲೆಬರಹದ ಕೆಳಗೆ ಇಡಲಾಗಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಕೈಪಿಡಿಯಲ್ಲಿ ಅನಬಾಲಿಕ್ ಸ್ಟೆರಾಯ್ಡುಗಳ ಹೆಸರು ವ್ಯಸನದ ಅಧ್ಯಾಯದೊಳಗೇ ಬಂತು. ಈ ನಡುವೆ ಹಾರ್ವರ್ಡ್‌ನ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಅವರ ಅಂದಾಜಿನಂತೆ ಇದನ್ನು ಬಳಸುವವರಲ್ಲಿ ಶೇಕಡ 30ರಷ್ಟು ಜನರಿಗೆ ಅವಲಂಬನೆ ಅಂಟಿಕೊಳ್ಳುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಉಬ್ಬಸಕ್ಕೆ, ಕೀಲುಬೇನೆಗೆ, ಚರ್ಮರೋಗಕ್ಕೆ ವೈದ್ಯರು ಕೊಡುವ ಸ್ಟೆರಾಯ್ಡ್ ಬೇರೆಯದೇ ಜಾತಿಯದು. ಈ ಲೇಖನ ಓದಿ ಯಾರೂ ಆ ಔಷಧವನ್ನು ನಿಲ್ಲಿಸಬಾರದು. ನಾವು ಹೇಳುತ್ತಿರುವುದು ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮತ್ತು ಅದರ ಮಾದರಿಯಲ್ಲಿ ತಯಾರಾದ ರಾಸಾಯನಿಕಗಳ ಬಗ್ಗೆ. 1935ರಲ್ಲಿ ಬುಟೆನಾಂಟ್ ಮತ್ತು ರುಜಿಚ್ಕಾ ಎಂಬ ವಿಜ್ಞಾನಿಗಳು ಟೆಸ್ಟೋಸ್ಟೆರಾನನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. ಇಬ್ಬರಿಗೂ 1939ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. 1954ರಲ್ಲಿ ವಿಯೆನ್ನಾದ ಭಾರ ಎತ್ತುವ ಸ್ಪರ್ಧೆಗೆ ಅಮೆರಿಕದ ತಂಡದೊಂದಿಗೆ ಹೋಗಿದ್ದ ವೈದ್ಯ ಜಾನ್ ಝೀಗ್ಲರ್, ಸೋವಿಯತ್ ಸ್ಪರ್ಧಿಗಳು ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವ ಸಂಗತಿ ತಿಳಿದು ಬಂದರು. 1958ರಲ್ಲಿ ಸೀಬಾ ಕಂಪನಿಯ ಡಯನಬಾಲ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು. ಝೀಗ್ಲರ್ ತಮ್ಮ ಪೈಲ್ವಾನರಿಗೆ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಅವರು ವೈದ್ಯರ ಕಣ್ಣು ತಪ್ಪಿಸಿ ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ನುಂಗಿದರು. ಈ ಅಧ್ಯಾಯವನ್ನು ತಮ್ಮ ಬದುಕಿನಿಂದಲೇ ಅಳಿಸಬೇಕೆನ್ನುವಷ್ಟು ಝೀಗ್ಲರ್ ಮುಂದೆ ಪಶ್ಚಾತ್ತಾಪಪಟ್ಟರು. ಸ್ವಲ್ಪ ಎಂಬುದು ಸಾಕಾಗದ ಗುಣ ಈ ಮಾತ್ರೆಯ ಜೊತೆಗೇ ಹುಟ್ಟಿತೆನ್ನಬೇಕು.

ಅವಲಂಬನೆ ಒಳಗೆ ಬರುವುದಕ್ಕೆ ಮೂರು ಬಾಗಿಲುಗಳಿವೆ ಎಂದು ಸಂಶೋಧಕರು ಹೇಳುತ್ತಾರೆ.

ಮೊದಲನೆಯದು ಕನ್ನಡಿಯ ಬಾಗಿಲು. ಅನ್ನ ಬಿಟ್ಟು ಕಡ್ಡಿಯಂತಾದ ಹುಡುಗಿಗೆ ಕನ್ನಡಿಯಲ್ಲಿ ತಾನು ದಪ್ಪಗೆ ಕಾಣುವ ಕಾಯಿಲೆಯ ಬಗ್ಗೆ ನಾವು ಕೇಳಿದ್ದೇವೆ. ಇದು ಅದರ ತಿರುವುಮುರುವು. ಕಂಬದಂಥ ತೋಳಿನವನಿಗೆ ಕನ್ನಡಿಯಲ್ಲಿ ತಾನು ಸೊರಗಿದಂತೆ ಕಾಣುತ್ತದೆ. ಪೋಪ್ ಮತ್ತು ಸಂಗಡಿಗರು 1997ರಲ್ಲಿ ಇದಕ್ಕೆ ಮಸಲ್ ಡಿಸ್ಮಾರ್ಫಿಯಾ ಎಂದು ಹೆಸರಿಟ್ಟರು. ಇಂಥವನು ಒಂದು ದಿನದ ವ್ಯಾಯಾಮ ತಪ್ಪಿದರೆ ಕಂಗಾಲಾಗುತ್ತಾನೆ, ನೆಂಟರ ಮನೆಯ ಊಟಕ್ಕೆ ಹೆದರುತ್ತಾನೆ, ಬೇಸಿಗೆಯಲ್ಲೂ ದೊಗಳೆ ಅಂಗಿ ಹಾಕಿ ಮೈ ಮುಚ್ಚಿಕೊಳ್ಳುತ್ತಾನೆ. ಕೋಳಿ ಅಂಗಡಿಯ ಮುಂದೆ ನಾವು ಕಂಡ ಗಾಬರಿ ಇದೇ ಬಾಗಿಲಿನದಿರಬೇಕು.

ಎರಡನೆಯದು ರಕ್ತದ ಬಾಗಿಲು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಆಜ್ಞೆ ಕೊಟ್ಟು ದಿನಕ್ಕೆ ಕೆಲವೇ ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ಹೊರಗಿನಿಂದ ಧಾರಾಳವಾಗಿ ಬರತೊಡಗಿದರೆ ಆಜ್ಞೆ ನಿಲ್ಲುತ್ತದೆ, ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳು ಕಡಿಮೆಯಾಗುತ್ತವೆ. ಕೆಲವರಿಗೆ ಎದೆಯಲ್ಲಿ ಹೆಂಗಸರಂತೆ ಸ್ತನದ ಗಂಟು ಬೆಳೆಯುತ್ತದೆ. ಹೊರಗಿನ ಸರಬರಾಜನ್ನು ಒಮ್ಮೆಲೇ ನಿಲ್ಲಿಸಿದಾಗ ಒಳಗಿನ ಕಾರ್ಖಾನೆ ಮತ್ತೆ ಶುರುವಾಗಲು ವಾರಗಳು, ಕೆಲವರಲ್ಲಿ ತಿಂಗಳುಗಳೇ ಬೇಕು. ಆ ನಡುವಿನ ಬರಗಾಲದಲ್ಲಿ ಸುಸ್ತು, ನಿದ್ರೆಗೇಡು, ಯಾವುದರಲ್ಲೂ ಆಸೆಯಿಲ್ಲದಿರುವುದು, ಕಡುಖಿನ್ನತೆ, ಕೆಲವರಲ್ಲಿ ಸಾಯುವ ಯೋಚನೆ ಕೂಡ. ಒಂದು ಇಂಜೆಕ್ಷನ್ ತೆಗೆದುಕೊಂಡರೆ ಇದೆಲ್ಲ ಹೋಗುತ್ತದೆಂಬುದು ಅವನಿಗೆ ಗೊತ್ತು. ಬಿಟ್ಟವನು ಮತ್ತೆ ಹಿಡಿಯುವುದು ಹೀಗೆ. ಗಂಡಸುತನಕ್ಕೆಂದು ಕೊಂಡದ್ದು ಗಂಡಸುತನವನ್ನೇ ಅಡವಿಟ್ಟುಕೊಂಡು, ತಿಂಗಳು ತಿಂಗಳು ಬಡ್ಡಿ ಕೇಳತೊಡಗುತ್ತದೆ.

ಮೂರನೆಯದು ಸುಖದ ಬಾಗಿಲು. ಹೆಂಡದ ಹಾಗೆ ಕುಡಿದ ಗಳಿಗೆಗೇ ಏರುವ ಸುಖವಲ್ಲ. ಆದರೆ ಗಂಡು ಹ್ಯಾಮ್‌ಸ್ಟರ್‌ಗಳೆಂಬ ಇಲಿಜಾತಿಯ ಪ್ರಾಣಿಗಳಿಗೆ ತಾವೇ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುವ ಏರ್ಪಾಡು ಮಾಡಿಕೊಟ್ಟಾಗ ಅವು ಮತ್ತೆ ಮತ್ತೆ ತೆಗೆದುಕೊಂಡವು, ಕೆಲವು ಸತ್ತೇ ಹೋದವು. ಅವುಗಳ ಗೂಡಿನಲ್ಲಿ ಕನ್ನಡಿಯಿರಲಿಲ್ಲ, ಹೊಗಳುವ ನೆಂಟರೂ ಇರಲಿಲ್ಲ. ಅಂದರೆ ವಸ್ತುವಿಗೆ ತನ್ನದೇ ಆದ ಒಂದು ಎಳೆತವಿದೆ.

ಹಾಗೆಂದು ತೆಗೆದುಕೊಂಡವರೆಲ್ಲ ಹುಚ್ಚರಾಗುತ್ತಾರೆ ಎಂದು ಹೆದರಿಸುವುದು ಸರಿಯಲ್ಲ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸುಮಾರು 50 ಗಂಡಸರಿಗೆ ವಾರಕ್ಕೆ 600 ಮಿಲಿಗ್ರಾಂವರೆಗೆ ಟೆಸ್ಟೋಸ್ಟೆರಾನ್ ಕೊಟ್ಟು ನೋಡಿದ್ದರು. ಬಹುಪಾಲು ಜನರ ಮನಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ, ಕೆಲವರಲ್ಲಿ ಮಾತ್ರ ಉನ್ಮಾದದ ಲಕ್ಷಣಗಳು ಕಂಡವು. ಆ ಕೆಲವರು ಯಾರಾಗುತ್ತಾರೆ ಎಂಬುದನ್ನು ಮುಂಚಿತವಾಗಿ ಹೇಳುವ ಉಪಾಯ ಜಿಮ್ಮಿನಲ್ಲಿ ಸೀಸೆ ಕೊಡುವವನ ಬಳಿ ಇಲ್ಲ. ಅಲ್ಲಿ ಸಿಗುವುದು ಒಂದೇ ಔಷಧವಲ್ಲ, ಪ್ರಮಾಣಕ್ಕೆ ಲೆಕ್ಕವಿಲ್ಲ, ಸೀಸೆಯೊಳಗೆ ಇರುವುದು ಏನೆಂಬುದಕ್ಕೂ ಖಾತ್ರಿಯಿಲ್ಲ.

ಸ್ಟೆರಾಯ್ಡ್ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಅಶ್ವಿನಿ ಅಕ್ಕುಂಜಿ. ಉಡುಪಿ ಜಿಲ್ಲೆಯ ಹಳ್ಳಿಯಿಂದ ಬಂದ ಈ ಓಟಗಾರ್ತಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ತಂದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನ ಚಿನ್ನವನ್ನೂ ಗೆದ್ದರು. 2011ರಲ್ಲಿ ಅವರೂ ಜೊತೆಯ ಓಟಗಾರ್ತಿಯರೂ ಅನಬಾಲಿಕ್ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ತಂದುಕೊಟ್ಟ ಜಿನ್ಸೆಂಗ್ ಪೂರಕದಲ್ಲಿ ಅದಿತ್ತು, ತಮಗೆ ತಿಳಿಯಲಿಲ್ಲ ಎಂದು ಅವರು ಹೇಳಿದರು. ನಾಡಾ ಶಿಸ್ತು ಸಮಿತಿ ಒಂದು ವರ್ಷ ನಿಷೇಧಿಸಿತು, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು. ಶಿಕ್ಷೆ ಮುಗಿಸಿ ಅವರು ಮತ್ತೆ ಟ್ರ್ಯಾಕಿಗೆ ಮರಳಿದರು.

ಆ ಪ್ರಕರಣವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಕ್ರೀಡೆಯಲ್ಲಿ ಸ್ಟೆರಾಯ್ಡ್ ತಪ್ಪು ಏಕೆಂದರೆ ಅದು ಎದುರಾಳಿಗೆ ಮಾಡುವ ಮೋಸ. ಅಲ್ಲಿ ನಿಯಮವಿದೆ, ಮೂತ್ರ ಪರೀಕ್ಷೆಯಿದೆ, ವಾದ ಹೇಳಲು ಜಾಗವಿದೆ, ಶಿಕ್ಷೆಗೆ ಕೊನೆಯ ದಿನವಿದೆ. 2023ರಲ್ಲಿ ಭಾರತದಲ್ಲಿ 5,606 ಮಾದರಿಗಳನ್ನು ಪರೀಕ್ಷಿಸಿದಾಗ 213ರಲ್ಲಿ ನಿಷೇಧಿತ ವಸ್ತುಗಳು ಸಿಕ್ಕವು. ಅಂದರೆ ಅಲ್ಲಿ ಎಣಿಸುವವರಾದರೂ ಇದ್ದಾರೆ. ನಮ್ಮ ಬೀದಿಯ ಹುಡುಗ ಯಾರ ಪದಕವನ್ನೂ ಕದಿಯಲಿಲ್ಲ. ಅವನನ್ನು ಯಾರೂ ಪರೀಕ್ಷಿಸಲಿಲ್ಲ, ಯಾವ ಪಟ್ಟಿಯಲ್ಲೂ ಅವನು ಸೇರಲಿಲ್ಲ. ಕಾನೂನಿನಲ್ಲೂ ಹಾಗೆಯೇ. ಈ ಔಷಧಗಳು ಷೆಡ್ಯೂಲ್ ಎಚ್‌ನಲ್ಲಿವೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೆ 1985ರ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿ ಇಲ್ಲ. ಮಾದಕವೇ ಅಲ್ಲವಲ್ಲ! ಕುಡಿತಕ್ಕೆ ಒಂದು ನೀತಿ ಇದೆ, ಕ್ರೀಡೆಯ ಮೋಸಕ್ಕೆ ಇನ್ನೊಂದು ನೀತಿ ಇದೆ. ಇವೆರಡರ ನಡುವಿನ ಸಂದಿನಲ್ಲಿ ಈ ಹುಡುಗ ಜಾರಿಹೋದ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅವನು ವಯಸ್ಕ. ದೇಹ ಅವನದು, ದುಡ್ಡು ಅವನದು, ಯಾರಿಗೂ ಮೋಸ ಮಾಡಿಲ್ಲ. ಮೂಗು ತೂರಿಸಲು ನಾವು ಯಾರು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇನ್ನೊಬ್ಬರ ಮೈಮೇಲಿನ ಬಟ್ಟೆ, ತಲೆಯ ಕೂದಲು, ತಟ್ಟೆಯ ಊಟ ಎಲ್ಲದರ ಮೇಲೂ ತೀರ್ಪು ಕೊಡಲು ಹೊರಡುವವರನ್ನು ನಾವು ಸಾಕಷ್ಟು ನೋಡಿದ್ದೇವೆ. ಅವರ ಸಾಲಿನಲ್ಲಿ ನಿಲ್ಲುವ ಆಸೆ ನಮಗಿಲ್ಲ.

ಆದರೆ ಇಷ್ಟ ಎಂಬುದನ್ನು ಪರೀಕ್ಷಿಸಲು ಒಂದು ಸರಳ ದಾರಿಯಿದೆ. ಬಿಡಲು ಸಾಧ್ಯವಿರುವಷ್ಟು ಕಾಲ ಮಾತ್ರ ಹಿಡಿದಿರುವುದು ನಮ್ಮ ಇಷ್ಟ. ಮುಷ್ಟಿ ತೆರೆಯಲು ಹೋದಾಗ ಬೆರಳುಗಳು ಬಿಚ್ಚಿಕೊಳ್ಳದಿದ್ದರೆ, ಹಿಡಿದಿರುವುದು ನಾವಲ್ಲ, ನಮ್ಮನ್ನೇ ಅದು ಹಿಡಿದಿದೆ. ಮೊದಲ ಮಾತ್ರೆ ಹುಡುಗನ ಇಷ್ಟವಾಗಿತ್ತು. ಮೂರನೆಯ ಸೈಕಲ್ಲಿಗೆ ಬರುವ ಹೊತ್ತಿಗೆ ಹಾಗೆ ಹೇಳಲಾಗದು. ಅಲ್ಲದೆ ಯಾವ ಕಣ್ಣಿನಿಂದ ಅವನು ಕನ್ನಡಿ ನೋಡುತ್ತಿದ್ದನೋ ಆ ಕಣ್ಣೇ ಅವನದಾಗಿರಲಿಲ್ಲ. ಅದು ಶಾದಿ ಮಹಲಿನಲ್ಲಿ ತೋಳು ಮುಟ್ಟಿದವರ ಕಣ್ಣು, ಮೊಬೈಲಿನಲ್ಲಿ ಫೋಟೋ ನೋಡಿ ಹೆಬ್ಬೆರಳು ಎತ್ತಿದವರ ಕಣ್ಣು, ನಮ್ಮ ಕಣ್ಣು. ಉರ್ದುವಿನ ನಜರ್ ಮತ್ತು ಕನ್ನಡದ ದೃಷ್ಟಿ ಎರಡಕ್ಕೂ ನೋಟ ಎಂದೂ ಅರ್ಥ, ಕೆಟ್ಟ ಕಣ್ಣು ತಾಗುವುದು ಎಂದೂ ಅರ್ಥ. ಯಾರ ನಜರ್ ಬಿತ್ತೋ ಎಂದು ಆ ತಾಯಿ ಕೇಳಿದ್ದು ನಮ್ಮ ಎದುರಿನಲ್ಲೇ. ಹೊಟ್ಟೆಕಿಚ್ಚಿನ ನಜರ್ ಅಲ್ಲ ಅದು, ಮೆಚ್ಚುಗೆಯದು. ಮೆಚ್ಚುಗೆಯೂ ತಾಗುತ್ತದೆಂಬುದು ನಮಗೆ ಹೊಳೆದಿರಲಿಲ್ಲ.

ಮೆಚ್ಚುಗೆಯ ಆಸೆ ಯಾರಿಗಿಲ್ಲ? ಕಥೆ ಬರೆಯುವ ನಮಗೂ ಅದು ಗೊತ್ತು. ಕಥೆ ಪ್ರಕಟವಾದ ವಾರ ಫೋನು ಬರದಿದ್ದರೆ ನಮಗೂ ಅನ್ನ ರುಚಿಸುವುದಿಲ್ಲ. ಆದರೆ ಕಥೆ ಸೋತರೆ ಇನ್ನೊಂದು ಕಥೆ ಬರೆಯಬಹುದು. ತನ್ನ ಮೈಯನ್ನೇ ಊರಿನ ಮೆಚ್ಚುಗೆಗೆ ಇಟ್ಟವನಿಗೆ ಬೇರೆ ಮೈ ಎಲ್ಲಿಂದ ಬರಬೇಕು? ಸ್ಟೆರಾಯ್ಡ್ ಬಿಟ್ಟವನ ಮೈ ಕೆಲವೇ ತಿಂಗಳಲ್ಲಿ ಇಳಿಯುತ್ತದೆ. ಕುಡಿತ ಬಿಟ್ಟವನನ್ನು ಬೀದಿ ಹೊಗಳುತ್ತದೆ, ಇದನ್ನು ಬಿಟ್ಟವನನ್ನು ಬೀದಿ ಗೇಲಿ ಮಾಡುತ್ತದೆ. ಬೇರೆ ಚಟಗಳಿಗೂ ಈ ಚಟಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನಮಗೆ ತೋರುತ್ತದೆ. ಹಿಡಿದಾಗ ಬಹುಮಾನ, ಬಿಟ್ಟಾಗ ಶಿಕ್ಷೆ.

ವ್ಯಾಯಾಮಕ್ಕೆ ನಾವು ವಿರೋಧಿಗಳಲ್ಲ. ಉತ್ತರ ಕರ್ನಾಟಕದಲ್ಲಿ ಗರಡಿಮನೆಗೆ ತಾಲೀಮು ಎನ್ನುತ್ತಾರೆ. ನಮ್ಮ ಉರ್ದು ಶಾಲೆಯಲ್ಲಿ ತಾಲೀಮ್ ಎಂದರೆ ವಿದ್ಯೆ. ಕನ್ನಡದ ಕಸರತ್ತು ಕೂಡ ಅದೇ ದಾರಿಯಲ್ಲಿ ಬಂದ ಪದ. ಅದರ ಅರಬಿ ಮೂಲದ ಅರ್ಥ ಹೆಚ್ಚಳ, ಸಮೃದ್ಧಿ. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಪದ ತಕಾಸುರ್. ಒಬ್ಬರನ್ನೊಬ್ಬರು ಮೀರಿಸಲು ಇನ್ನಷ್ಟು ಮತ್ತಷ್ಟು ಎಂದು ಪೇರಿಸುತ್ತ ಹೋಗುವುದಕ್ಕೆ ಆ ಹೆಸರು. ಕುರ್‌ಆನಿನ ಒಂದು ಅಧ್ಯಾಯಕ್ಕೂ ಅದೇ ಹೆಸರಿದೆ. ಕಸರತ್ತು ತಾಲೀಮಾಗಿರುವವರೆಗೆ ಮೈಗೂ ಮನಸ್ಸಿಗೂ ಒಳ್ಳೆಯದು. ಅದು ತಕಾಸುರ್ ಆದ ದಿನ ತೋಳಿನ ಅಳತೆಗೆ ಕೊನೆಯ ಅಂಕಿಯೇ ಇರುವುದಿಲ್ಲ.

ಹಳೆಯ ಗರಡಿಯ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವುದೂ ಸುಲಭ. ಆ ಕಾಲದಲ್ಲೂ ಮೈಯ ಹೆಮ್ಮೆ ಇತ್ತು. ನಮ್ಮ ಬೆಂಗಳೂರಿನಲ್ಲೇ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ತಮ್ಮ ಕಡೆದ ದೇಹದ ಛಾಯಾಚಿತ್ರಗಳನ್ನು ಸಂಕೋಚವಿಲ್ಲದೆ ಪ್ರಕಟಿಸಿದವರು. ಅವರು ತಮ್ಮ ಮೈಯನ್ನು ಕಟ್ಟಿದ್ದು ಡಯನಬಾಲ್ ಮಾತ್ರೆ ಹುಟ್ಟುವುದಕ್ಕೆ ಮುಂಚೆ. ಅವರೇ ಶಾಂತಲಾ, ರೂಪದರ್ಶಿ ಎಂಬ ಕಾದಂಬರಿಗಳನ್ನೂ ಬರೆದರು. ರೂಪದರ್ಶಿಯಲ್ಲಿ ಕಲಾವಿದನೊಬ್ಬ ಬಾಲಯೇಸುವಿನ ಚಿತ್ರಕ್ಕೆ ಒಬ್ಬ ಮುದ್ದು ಹುಡುಗನನ್ನು ಮುಂದೆ ಕೂರಿಸಿಕೊಳ್ಳುತ್ತಾನೆ. ಎಷ್ಟೋ ವರ್ಷಗಳ ಮೇಲೆ ಯೇಸುವಿಗೆ ದ್ರೋಹ ಬಗೆದ ಜೂದಾಸನ ಚಿತ್ರಕ್ಕೆ ಒಬ್ಬ ಕ್ರೂರಮುಖದವನನ್ನು ಹುಡುಕಿ ತರುತ್ತಾನೆ. ಇಬ್ಬರೂ ಒಬ್ಬನೇ ಎಂದು ಆಮೇಲೆ ತಿಳಿಯುತ್ತದೆ. ದೇಹವನ್ನು ಅಷ್ಟು ಪ್ರೀತಿಸಿದ ಮನುಷ್ಯ, ರೂಪ ನೋಡಿ ಮನುಷ್ಯನನ್ನು ಅಳೆಯುವುದರ ಅಪಾಯದ ಬಗ್ಗೆ ಬರೆದದ್ದು ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಆ ಕಲಾವಿದ ಎರಡು ಸಲವೂ ಮುಖವನ್ನು ಚೆನ್ನಾಗಿ ನೋಡಿದ್ದ. ನಡುವಿನ ವರ್ಷಗಳಲ್ಲಿ ಏನಾಯಿತೆಂದು ಕೇಳಿರಲಿಲ್ಲ. ನಾವೂ ಹುಡುಗನ ಮೈ ನೋಡಿದೆವು, ಏನಾಗುತ್ತಿದೆ ಎಂದು ಕೇಳಲಿಲ್ಲ.

ಹಾಗಾದರೆ ತಪ್ಪೆಲ್ಲ ನೋಡಿದವರದೇ, ಹುಡುಗನದೇನೂ ಇಲ್ಲವೆ? ಅವನೇ ಅದನ್ನು ಒಪ್ಪುವುದಿಲ್ಲ. ಹೊಣೆಯೆಂಬುದು ರೊಟ್ಟಿಯಲ್ಲ, ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಕಡಿಮೆಯಾಗಲು. ಚೀಟಿಯಿಲ್ಲದೆ ಮಾರಿದವನದು ಅವನಿಗೆ ಪೂರ್ತಿ, ತೆಗೆದುಕೊಂಡವನದು ಅವನಿಗೆ ಪೂರ್ತಿ, ಬೆನ್ನು ತಟ್ಟಿದ ನಮ್ಮದು ನಮಗೆ ಪೂರ್ತಿ.

ಹುಡುಗನ ತಾಯಿ ಬಂದು ಹೋದ ರಾತ್ರಿ ನಾವು ನಮ್ಮ ಮಗನ ಜಿಮ್ ಚೀಲವನ್ನು ಕಳ್ಳರಂತೆ ತೆರೆದು ನೋಡಿದೆವು. ಒಂದು ಟವೆಲ್ಲು, ನೀರಿನ ಬಾಟಲಿ, ಅರ್ಧ ಖಾಲಿಯಾದ ಶೇಂಗಾ ಪೊಟ್ಟಣ ಇದ್ದವು. ನಿಟ್ಟುಸಿರು ಬಿಟ್ಟು ತಲೆ ಎತ್ತಿದರೆ ಬಾಗಿಲಲ್ಲಿ ಅವನೇ ನಿಂತಿದ್ದ. "ಅಬ್ಬಾ, ಕೇಳಿದ್ದರೆ ನಾನೇ ಹೇಳ್ತಿದ್ದೆ. ನನಗೂ ಕೊಡ್ತೀವಿ ಅಂದ್ರು, ನಾನು ಬೇಡ ಅಂದೆ. ಆದರೆ ನೀವು ಯಾವತ್ತೂ ಕೇಳಲಿಲ್ಲ, ಬರೀ ತೋಳು ಎಷ್ಟು ಬಂತು ಅಂತಿದ್ರಿ" ಎಂದ. ನಾವು ಬರೆದ ಯಾವ ಕಥೆಯಲ್ಲೂ ಯಾವ ಪಾತ್ರವೂ ನಮಗೆ ಇಷ್ಟು ನೇರವಾಗಿ ಉತ್ತರ ಕೊಟ್ಟಿರಲಿಲ್ಲ.

ಇಂಥ ಮಕ್ಕಳಿರುವ ಮನೆಯವರಿಗೆ ನಾವು ಕಲಿತ ಒಂದೆರಡು ಮಾತುಗಳಿವೆ. ಸಿರಿಂಜು ಸಿಕ್ಕರೆ ರಂಪ ಬೇಡ. ಒಮ್ಮೆಲೇ ನಿಲ್ಲಿಸಿ ಒಬ್ಬನೇ ಕೋಣೆಯಲ್ಲಿ ಬಿದ್ದುಕೊಳ್ಳುವ ಆ ವಾರಗಳೇ ಅಪಾಯದ ವಾರಗಳು. ಆಗ ಅವನ ಪಕ್ಕದಲ್ಲಿ ಯಾರಾದರೂ ಇರಬೇಕು. ಇದಕ್ಕೆ ಮನೋವೈದ್ಯರೂ ಬೇಕು, ಹಾರ್ಮೋನು ನೋಡುವ ಎಂಡೋಕ್ರಿನಾಲಜಿಸ್ಟರೂ ಬೇಕು. ಒಬ್ಬರು ಮನಸ್ಸಿನ ಬರಗಾಲ ನೋಡಿದರೆ ಇನ್ನೊಬ್ಬರು ರಕ್ತದ ಬರಗಾಲ ನೋಡುತ್ತಾರೆ. ಹೃದಯ, ಯಕೃತ್ತಿನ ಪರೀಕ್ಷೆಯೂ ಆಗಬೇಕು, ಏಕೆಂದರೆ ಈ ಔಷಧ ಅವನ್ನೂ ಬಿಡುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡುವವರಿದ್ದಾರೆ. ಹುಚ್ಚಾಸ್ಪತ್ರೆಗೆ ಹೋದರೆ ಜನ ಏನಂದಾರು ಎನ್ನುವವರಿಗೆ ನಾವು ಹೇಳುವುದಿಷ್ಟೆ. ಜನ ಏನಂದಾರು ಎಂಬ ಯೋಚನೆಯೇ ಹುಡುಗನನ್ನು ಇಲ್ಲಿಗೆ ತಂದದ್ದು.

ನಮ್ಮ ಬೀದಿಯ ಹುಡುಗನಿಗೆ ಎರಡೂ ಬಗೆಯ ಚಿಕಿತ್ಸೆ ನಡೆಯಿತು. ಈಗ ಮೊದಲಿಗಿಂತ ವಾಸಿ. ಪೂರ್ತಿ ವಾಸಿ ಎಂದು ಹೇಳುವ ಧೈರ್ಯ ಅವನಿಗೂ ಇಲ್ಲ, ನಮಗೂ ಇಲ್ಲ. ಇನ್ನೊಂದು ಕಡೆ ಕೆಲಸಕ್ಕೆ ಸೇರಿದ್ದಾನೆ.

ನಮ್ಮವರಲ್ಲಿ ಒಂದು ವಾಡಿಕೆಯಿದೆ. ಬಹಳ ದಿನದ ಮೇಲೆ ಸಿಕ್ಕವರನ್ನು ನಾವು ಮೊದಲು ಮಾತಾಡಿಸುವುದೇ ಮೈಯ ಲೆಕ್ಕದಿಂದ. ಏನು ಸೊರಗಿದ್ದೀಯಲ್ಲ, ಏನು ಊದಿದ್ದೀಯಲ್ಲ, ಕಪ್ಪಾಗಿದ್ದೀಯಲ್ಲ. ಪ್ರೀತಿಯಿಂದಲೇ ಕೇಳುತ್ತೇವೆ. ಮೊನ್ನೆ ಕೋಳಿ ಅಂಗಡಿಯ ಮುಂದೆ ಆ ಹುಡುಗ ಸಿಕ್ಕಿದ. ತೋಳು ಇಳಿದಿತ್ತು, ಶರಟು ದೊಗಳೆಯಾಗಿತ್ತು. "ಏನು ಬೇಟಾ, ಇಳಿದು ಹೋಗಿದ್ದೀಯಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಹೇಗೋ ನುಂಗಿಕೊಂಡೆವು.

"ರಾತ್ರಿ ನಿದ್ದೆ ಬರ್ತಿದೆಯಾ?" ಎಂದು ಕೇಳಿದೆವು.

"ಬರ್ತಿದೆ ಚಾಚಾ" ಎಂದ. ಕಾಲು ಕೆ.ಜಿ. ಲೆಗ್ ಪೀಸ್ ಕಟ್ಟಿಸಿಕೊಂಡು, ತಂಗಿಗೆ ಇದೇ ಇಷ್ಟ ಎಂದು ಹೇಳಿ ಮನೆಯ ಕಡೆ ನಡೆದ.